ಹಾರಲು ಕಾಲು ಬೇಕೆ?

ಇರಕಲ್ಲಗಡದಂಥ ಊರುಗಳಲ್ಲಿ ಹಿಂದಿನ ಗಾಲಿಯ ಎರಡೂ ಬದಿಗೆ ಒಂದೊಂದು ಪುಟ್ಟ ಗಾಲಿ ಕೂಡಿಸಿದ ಸ್ಕೂಟರು ಈಗ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಪೋಲಿಯೊದಿಂದ ಕಾಲು ಸೋತವರು ಅದನ್ನೇರಿ ಕೊಪ್ಪಳದ ಕಚೇರಿಗೋ ಅಂಗಡಿಗೋ ಹೋಗಿಬರುತ್ತಾರೆ. ಕಾಲಿನ ಬ್ರೇಕನ್ನು ಕೈಗೆ ತಂದುಕೊಟ್ಟರಾಯಿತು, ಸವಾರನ ಕಾಲು ಹೇಗಿದೆಯೆಂದು ಸ್ಕೂಟರು ಕೇಳುವುದಿಲ್ಲ. ಆದರೆ ಅದೇ ಸವಾರ ತಾನು ವಿಮಾನ ಹಾರಿಸಲು ಕಲಿಯುತ್ತೇನೆಂದರೆ ನಗುವವರೇ ಹೆಚ್ಚು. ಇತಿಹಾಸವೇನೋ ನಗುವವರ ಪಕ್ಷದಲ್ಲಿಲ್ಲ.

ಅಷ್ಟಕ್ಕೂ ವಿಮಾನದಲ್ಲಿ ಕಾಲಿಗೆ ಏನು ಕೆಲಸ? ಮೂತಿಯನ್ನು ಮೇಲೆತ್ತುವುದು, ಇಳಿಸುವುದು, ರೆಕ್ಕೆಯನ್ನು ಒಂದು ಪಕ್ಕಕ್ಕೆ ವಾಲಿಸುವುದು ಕೈಯಲ್ಲಿರುವ ದಂಡದ ಕೆಲಸ. ಕಾಲಡಿಯ ಎರಡು ಪೆಡಲುಗಳು ಬಾಲದ ಚುಕ್ಕಾಣಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸುತ್ತವೆ. ತಿರುವಿನಲ್ಲಿ ಸಮತೋಲ ಕಾಯಲು, ಅಡ್ಡಗಾಳಿಯಲ್ಲಿ ಇಳಿಯುವಾಗ ಮೂತಿಯನ್ನು ನೇರವಾಗಿಡಲು ಇವು ಬೇಕು. ಅನೇಕ ವಿಮಾನಗಳಲ್ಲಿ ಪೆಡಲಿನ ಮೇಲ್ತುದಿಯನ್ನು ಪಾದದ ಮುಂಭಾಗದಿಂದ ಒತ್ತಿದರೆ ಗಾಲಿಗೆ ಬ್ರೇಕು ಬೀಳುತ್ತದೆ. ಇಷ್ಟೇ. ಇದರಲ್ಲಿ ನಡಿಗೆಯೂ ಇಲ್ಲ, ಓಟವೂ ಇಲ್ಲ.

ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಮೊದಲು ನೆನಪಾಗುವ ಹೆಸರು ಡಗ್ಲಾಸ್ ಬೇಡರ್. ತಂದೆ ಭಾರತದಲ್ಲಿ ಎಂಜಿನಿಯರಾಗಿದ್ದುದರಿಂದ ಎಳೆಯ ವಯಸ್ಸಿನ ಕೆಲಕಾಲವನ್ನು ಈ ದೇಶದಲ್ಲೇ ಕಳೆದವನು. ಬ್ರಿಟಿಷ್ ವಾಯುಪಡೆ ಸೇರಿ, 1931ರ ಡಿಸೆಂಬರ್ 14ರಂದು ನೆಲಕ್ಕೆ ತೀರ ಸಮೀಪದಲ್ಲಿ ಕಸರತ್ತು ಮಾಡಲು ಹೋಗಿ ವಿಮಾನ ಅಪ್ಪಳಿಸಿತು. ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. ಆಗ ಅವನಿಗೆ 21 ವರ್ಷ. ಲೋಹದ ಕಾಲು ಕಟ್ಟಿಕೊಂಡು ನಡೆಯಲು ಕಲಿತ, ಮರುವರ್ಷವೇ ಮತ್ತೆ ವಿಮಾನ ಹಾರಿಸಿ ತೋರಿಸಿದ. ಆದರೂ ವಾಯುಪಡೆ 1933ರಲ್ಲಿ ಅವನನ್ನು ನಿವೃತ್ತಿಗೊಳಿಸಿತು. ಹಾರಲಾರನೆಂದಲ್ಲ. ಕಾಲಿಲ್ಲದವನು ಹಾರುವ ಪ್ರಸಂಗವೇ ನಿಯಮಗಳಲ್ಲಿ ಇರಲಿಲ್ಲ!

ಮುಚ್ಚಿದ ಬಾಗಿಲನ್ನು ತೆರೆದದ್ದು ಯುದ್ಧ. 1939ರಲ್ಲಿ ಮತ್ತೆ ಪರೀಕ್ಷೆಗೆ ಕರೆಸಿದಾಗ ತೊಡಕಾದದ್ದು ಹಾರ್ವರ್ಡ್ ತರಬೇತಿ ವಿಮಾನದ ಕಾಲ್ಬ್ರೇಕು. ಬೇಡರ್ ಚುಕ್ಕಾಣಿಯ ಪೆಡಲನ್ನು ಲೋಹದ ಕಾಲಿನಿಂದ ತಳ್ಳಬಲ್ಲ, ಪಾದ ಮಣಿಸಿ ಬ್ರೇಕು ಒತ್ತಲಾರ. ಆದರೆ ಯುದ್ಧಕ್ಕೆ ಬೇಕಾಗಿದ್ದ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಲ್ಲಿ ಬ್ರೇಕಿನ ಹಿಡಿಕೆ ಕೈದಂಡದಲ್ಲೇ ಇತ್ತು. ತೊಡಕು ಬಿಟ್ಟುಹೋಯಿತು. 1941ರ ಆಗಸ್ಟ್‌ನಲ್ಲಿ ಸೆರೆಸಿಕ್ಕುವ ವೇಳೆಗೆ ಅವನ ಲೆಕ್ಕಕ್ಕೆ ಇಪ್ಪತ್ತಕ್ಕೂ ಹೆಚ್ಚು ವೈರಿ ವಿಮಾನಗಳು ಸೇರಿದ್ದವು. ರಷ್ಯದ ಅಲೆಕ್ಸೆಯ್ ಮರೇಸ್ಯೆವ್ ಕೂಡ 1942ರಲ್ಲಿ ಎರಡೂ ಕಾಲು ಕಳೆದುಕೊಂಡು, ಮರುವರ್ಷ ಯುದ್ಧವಿಮಾನಕ್ಕೆ ಮರಳಿದ.

ಇವರಿಬ್ಬರೂ ಮೊದಲೇ ಹಾರಲು ಬಲ್ಲವರು ಎಂದು ಯಾರಾದರೂ ಆಕ್ಷೇಪಿಸಬಹುದು. ಹೊಸದಾಗಿ ಕಲಿಯುವವರ ಗತಿಯೇನು? ಅಮೆರಿಕದ ವೈಲಿ ಪೋಸ್ಟ್ 1926ರಲ್ಲಿ ತೈಲಬಾವಿಯ ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡು, ಪರಿಹಾರವಾಗಿ ಬಂದ ಹಣದಲ್ಲೇ ವಿಮಾನ ಕೊಂಡ. 1933ರಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿಬಂದ ಮೊದಲ ವಿಮಾನಿ ಅವನೇ. ಜೆಸ್ಸಿಕಾ ಕಾಕ್ಸ್ ಎಂಬಾಕೆ ಹುಟ್ಟಿನಿಂದಲೇ ಎರಡೂ ತೋಳಿಲ್ಲದವಳು. 2008ರಲ್ಲಿ ಪಾದಗಳಿಂದಲೇ ವಿಮಾನ ನಡೆಸಿ ಲೈಸೆನ್ಸ್ ಪಡೆದಳು. ಅವಳು ಕಲಿತ ಅರ್ಕೂಪ್ ವಿಮಾನವನ್ನು ಫ್ರೆಡ್ ವೀಕ್ 1930ರ ದಶಕದಲ್ಲಿ ರೂಪಿಸಿದ್ದು ಅಂಗವಿಕಲರಿಗಾಗಿಯಲ್ಲ, ಸಾಮಾನ್ಯರಿಗೆ ಹಾರಾಟ ಸುಲಭವಾಗಲೆಂದು. ಚುಕ್ಕಾಣಿಯನ್ನು ಕೈಚಕ್ರಕ್ಕೇ ಜೋಡಿಸಿ ಪೆಡಲುಗಳನ್ನು ತೆಗೆದುಹಾಕಿದ್ದ. ಎಲ್ಲರಿಗೂ ಸುಲಭವಾಗಲೆಂದು ಮಾಡಿದ್ದು ಒಬ್ಬಳಿಗೆ ಆಕಾಶವನ್ನೇ ತೆರೆಯಿತು. ಪೈಪರ್‌ನಂಥ ಪುಟ್ಟ ವಿಮಾನಗಳಿಗೆ ಕೈಯಿಂದ ಪೆಡಲು ತಳ್ಳುವ ಸರಳನ್ನು ಜೋಡಿಸುವ ಕ್ರಮವೂ ಇದೆ. ನಮ್ಮ ಮೆಕ್ಯಾನಿಕ್ ಸ್ಕೂಟರಿಗೆ ಮಾಡುವುದು ಇದೇ ಜಾತಿಯ ಕೆಲಸ.

ಹಾಗೆಂದು ಪರೀಕ್ಷೆಯೇ ಬೇಡವೆನ್ನುವಂತಿಲ್ಲ. ವಿಮಾನ ತಪ್ಪಿದರೆ ಹೋಗುವುದು ಹಾರಿಸುವವನ ಜೀವವೊಂದೇ ಅಲ್ಲ. ಆದರೆ ಪರೀಕ್ಷಿಸಬೇಕಾದದ್ದು ಯಾವುದನ್ನು? 1944ರ ಷಿಕಾಗೋ ಒಪ್ಪಂದದ ಅನ್ವಯ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳು ಇದಕ್ಕೆ ಉತ್ತರ ಕೊಡುತ್ತವೆ. ಆ ಒಪ್ಪಂದದಲ್ಲಿ ಭಾರತವೂ ಭಾಗಿ. ವೈದ್ಯಕೀಯ ಮಾನದಂಡದಲ್ಲಿ ಒಂದು ಅಂಶ ಕಡಿಮೆ ಬಿದ್ದರೂ, ಹಾರಾಟದ ಸುರಕ್ಷತೆಗೆ ಧಕ್ಕೆಯಿಲ್ಲವೆಂದು ತಜ್ಞರಿಗೆ ಮನವರಿಕೆಯಾದರೆ, ಅಭ್ಯರ್ಥಿಯ ಸಾಮರ್ಥ್ಯ, ಕೌಶಲ, ಅನುಭವಗಳನ್ನು ಗಣನೆಗೆ ತೆಗೆದುಕೊಂಡು ಲೈಸೆನ್ಸ್ ಕೊಡಲು ಅವಕಾಶವಿದೆ. ಅಮೆರಿಕದಲ್ಲಿ ಅಂಥವರನ್ನು ವಿಮಾನದಲ್ಲೇ ಕೂರಿಸಿ ಪರೀಕ್ಷಿಸುವ ಪದ್ಧತಿಯುಂಟು. ಬ್ರಿಟನ್ನಿನಲ್ಲಿ ಬೇಡರ್ 1982ರಲ್ಲಿ ತೀರಿಕೊಂಡ ಮೇಲೆ, ಅವನ ನೆನಪಿಗೆ ಅಂಗವಿಕಲರಿಗೆ ಹಾರಾಟ ಕಲಿಸುವ ವಿದ್ಯಾರ್ಥಿವೇತನಗಳು ಆರಂಭವಾದವು.

ವಿಮಾನ ಕಟ್ಟುವ ವಿದ್ಯೆ ಕನ್ನಡನಾಡಿಗೆ ಹೊಸದೇನಲ್ಲ. ಭಾರತದಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿದ್ದು ಬೆಂಗಳೂರಿನಲ್ಲಿ. ಅದನ್ನು ರೂಪಿಸಿದವರು ಎಚ್‌ಎಎಲ್‌ನ ವಿ.ಎಂ. ಘಾಟಗೆ ಮತ್ತು ಅವರ ಸಂಗಡಿಗರು. ತರಬೇತಿಗೆಂದೇ ರೂಪಿಸಿದ ಹಂಸ ವಿಮಾನವೂ 1993ರಲ್ಲಿ ಇದೇ ಊರಿನಿಂದ ಮೇಲೇರಿತು. ಇಷ್ಟನ್ನು ಮಾಡಬಲ್ಲ ನಾಡಿಗೆ ಪೆಡಲಿನ ಕೆಲಸವನ್ನು ಕೈಗೆ ತಂದುಕೊಡುವುದು ಅಸಾಧ್ಯವೇನಲ್ಲ.

ಬೇಡರನಿಗೆ 1933ರಲ್ಲಿ ಅಡ್ಡಬಂದದ್ದು ವಿಮಾನವಲ್ಲ, ಕಾಗದ. ಇರಕಲ್ಲಗಡದ ಹುಡುಗನೋ ಹುಡುಗಿಯೋ ನಾಳೆ ಹಾರಾಟದ ಶಾಲೆಯ ಬಾಗಿಲಿಗೆ ಬಂದರೆ, 'ನಿನಗೆ ಕಾಲಿದೆಯೆ?' ಎಂದು ಕೇಳುವುದು ಹಳೆಯ ಪ್ರಶ್ನೆ. 'ಚುಕ್ಕಾಣಿಯನ್ನು ಹೇಗೆ ತಿರುಗಿಸುತ್ತೀ, ತೋರಿಸು' ಎನ್ನುವುದು ಸರಿಯಾದ ಪ್ರಶ್ನೆ.