ಹದಿನಾರು ಸಾವಿರ ಬೈಟಿನೊಳಗೆ ಕೋಲಾರ

ಭಾಗ 1

ಮೊದಲ ಫೋಟೋದಲ್ಲಿ ಎಡಗಡೆ ಇರೋದು ನಮ್ಮ ಶಿವಾರಪಟ್ಟಣದ ಕೃಷ್ಣಶಿಲೆ. ಉಳಿ ಇನ್ನೂ ಮುಟ್ಟಿಲ್ಲ, ಗೆರೆ ಎಳೆದು ಮನೆ ಮನೆ ಮಾಡಿ ಇಟ್ಟಿದ್ದಾರೆ. ಬಲಗಡೆ ಇರೋದು ಎಂಟು ಅಡ್ಡಕ್ಕೆ ಎಂಟು ಉದ್ದದ ಗ್ರಾಫ್ ಪೇಪರ್. ಅದರಲ್ಲಿ ಪೆನ್ಸಿಲ್ಲಿಂದ ತುಂಬಿರೋದು ಒಂದು ಸೊನ್ನೆ.

ಈ ಪೇಜಿಗೆ ವಿಗ್ರಹ, ಶಾಸನ, ಹೆಂಚಿನ ಮನೆ ನೋಡೋಕೆ ಬರೋರಿಗೆ ಈ ವಾರ ಬೇರೆ ಸರಕು. 1980ರ ದಶಕದ ಮನೆ ಕಂಪ್ಯೂಟರಿಗೆ ಇವತ್ತು ಹೊಸದಾಗಿ ಒಂದು ರೋಲ್ ಪ್ಲೇಯಿಂಗ್ ಗೇಮ್ ಬರೆಯೋದು ಅಂದ್ರೆ ಏನು, ಅದು ಕನ್ನಡದಲ್ಲಿ ಆಗ್ತದಾ ಅನ್ನೋ ಕಥೆ. ರೋಲ್ ಪ್ಲೇಯಿಂಗ್ ಅಂದ್ರೆ ನೀವೇ ಒಂದು ಪಾತ್ರ ಆಗಿ ಊರೂರು ತಿರುಗೋದು, ಜನರನ್ನ ಮಾತಾಡಿಸೋದು, ಸಾಮಾನು ಕೊಳ್ಳೋದು, ಗವಿಗೆ ಇಳಿದು ಬದುಕಿ ಬಂದ್ರೆ ಸ್ವಲ್ಪ ಬಲಿಷ್ಠರಾಗೋದು. ಗುಂಡು ಹಾರಿಸೋ ಆಟ ಅಲ್ಲ. ಇದರಲ್ಲಿ ಮಾತು ಜಾಸ್ತಿ. ಮಾತು ಅಂದ್ಮೇಲೆ ಅಕ್ಷರ ಬೇಕು. ತಕರಾರು ಶುರುವಾಗೋದೇ ಅಲ್ಲಿ.

ಕಂಪ್ಯೂಟರ್ ಬರೋಕೆ ಮುಂಚೆ ಇದು ಮೇಜಿನ ಸುತ್ತ ಕೂತು ಆಡೋ ಆಟ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟಿಸಿದ್ರು. ಒಬ್ಬ ಕಥೆ ಹೇಳ್ತಾನೆ, ಉಳಿದವರು ಪಾತ್ರ, ಏನಾಗುತ್ತೆ ಅನ್ನೋದನ್ನ ದಾಳ ತೀರ್ಮಾನಿಸುತ್ತೆ. ಪಗಡೆಯಲ್ಲಿ ಸೋತು ಕಾಡಿಗೆ ಹೋದವರ ಕಥೆ ಕೇಳಿ ಬೆಳೆದ ನಮಗೆ ದಾಳದ ಮಹಿಮೆ ಬೇರೆ ಹೇಳಬೇಕಾಗಿಲ್ಲ ಬಿಡಿ.

ಐದು ವರ್ಷ ಆದ್ಮೇಲೆ, 1979ರಲ್ಲಿ, ಟೆಕ್ಸಸ್‌ನ ರಿಚರ್ಡ್ ಗ್ಯಾರಿಯಟ್ ಅನ್ನೋ ಹುಡುಗ ಆಪಲ್ ಟು ಕಂಪ್ಯೂಟರಿಗೆ 'ಅಕಲಬೆತ್' ಅನ್ನೋ ಆಟ ಬರೆದ. ಮೊದಮೊದಲು ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಡಿಯಲ್ಲಿ ಮಾರಿದ್ರು. 1981ರಲ್ಲಿ 'ಅಲ್ಟಿಮಾ' ಬಂತು, 1985ರಲ್ಲಿ ಅದರ ನಾಲ್ಕನೇ ಭಾಗ. ಅದರಲ್ಲಿ ಕೊಲ್ಲೋಕೆ ದೊಡ್ಡ ರಾಕ್ಷಸನೇ ಇಲ್ಲ. ಎಂಟು ಸದ್ಗುಣ ಸಾಧಿಸಿ ಆಟಗಾರ 'ಅವತಾರ್' ಆಗಬೇಕು. ಹೌದು, ನಮ್ಮ ಅವತಾರವೇ. ಅಂದ್ರೆ ನಮ್ಮ ಪುರಾಣದ ಮಾತು ಆ ಪರದೆಗೆ 1985ರಲ್ಲೇ ಹೋಗಿತ್ತು, ಇಂಗ್ಲಿಷ್ ಅಕ್ಷರದಲ್ಲಿ.

ಭಾಗ 2

ಅದೇ ಹೊತ್ತಿಗೆ ಇಲ್ಲಿ ಏನಾಗ್ತಿತ್ತು?

1984ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಅನ್ನೋ ಯೋಜನೆ ಶುರು ಮಾಡ್ತು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸೋದು ಉದ್ದೇಶ. ದೇಶದಲ್ಲಿ ಮೊದಲು ಸುಮಾರು 250 ಶಾಲೆ. ಕೊಟ್ಟಿದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಬಿಬಿಸಿ ಟಿವಿಯ ಕಂಪ್ಯೂಟರ್ ಪಾಠಗಳ ಜೊತೆಗೆ ಅಂತ 1981ರ ಕೊನೆಗೆ ಬಂದ ಯಂತ್ರ ಅದು. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಅದರ ವಿನ್ಯಾಸದಲ್ಲಿ ಮುಖ್ಯರು. ಇದೇ ಇಬ್ಬರು ಮುಂದೆ ಮಾಡಿದ ಆರ್ಮ್ ಪ್ರೊಸೆಸರಿನ ವಂಶದ್ದೇ ನಿಮ್ಮ ಕೈಯಲ್ಲಿರೋ ಮೊಬೈಲಿನ ಒಳಗೂ ಇರೋದು. ಆಮೇಲೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅನ್ನೋ ಸರಕಾರಿ ಕಂಪನಿ ಲೈಸೆನ್ಸ್ ತಗೊಂಡು ಇದನ್ನೇ 'ಯೂನಿಕಾರ್ನ್' ಅನ್ನೋ ಹೆಸರಲ್ಲಿ ಮಾಡ್ತು.

ಯಂತ್ರ ಚೆನ್ನಾಗಿತ್ತು. 6502 ಪ್ರೊಸೆಸರ್, 32 ಕೆಬಿ ಮೆಮೊರಿ, ಸ್ವಿಚ್ ಹಾಕಿದ ಕ್ಷಣಕ್ಕೆ ಬೇಸಿಕ್ ಭಾಷೆ ರೆಡಿ. ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬನ್ ಮತ್ತು ಇಯನ್ ಬೆಲ್, ಇದೇ ಯಂತ್ರದೊಳಗೆ 1984ರಲ್ಲಿ 'ಎಲೀಟ್' ಅನ್ನೋ ಆಟ ತುರುಕಿದ್ರು. 8 ನಕ್ಷತ್ರ ಮಂಡಲ, ಒಂದೊಂದರಲ್ಲಿ 256 ಲೋಕ. ಯಾವುದನ್ನೂ ಬರೆದಿಟ್ಟಿರಲಿಲ್ಲ. ಆರು ಬೈಟಿನ ಒಂದು ಬೀಜ ಇಟ್ಟು, ಅದರಿಂದ ಲೋಕದ ಹೆಸರು, ಸರಕಾರ, ಸಂತೆಯ ಬೆಲೆ ಎಲ್ಲಾ ಲೆಕ್ಕ ಹಾಕಿ ಹುಟ್ಟಿಸ್ತಿದ್ರು.

ನಮ್ಮ ದೇಶದ ಶಾಲೆಗಳಿಗೆ ಬಂದಿದ್ದೂ ಅದೇ ಯಂತ್ರ. ಆದ್ರೆ ಅದರ ರಾಮ್ ಒಳಗಾಗಲಿ, ಶಾಶ್ವತ ಮೆಮೊರಿಯ ಚಿಪ್ಪಿನೊಳಗಾಗಲಿ ಕನ್ನಡದ ಒಂದಕ್ಷರ ಇರಲಿಲ್ಲ. ಮಗು ಟೈಪ್ ಮಾಡೋದು ಇಂಗ್ಲಿಷ್, ಪರದೆ ಉತ್ತರ ಕೊಡೋದು ಇಂಗ್ಲಿಷ್. "ಅಷ್ಟು ಚಿಕ್ಕ ಯಂತ್ರದಲ್ಲಿ ಕನ್ನಡ ಎಲ್ಲಿ ಹಿಡಿಸುತ್ತೆ ಸಾರ್" ಅಂತ ಈಗಲೂ ಹೇಳೋರಿದ್ದಾರೆ. ಹಿಡಿಸ್ತಿತ್ತೋ ಇಲ್ವೋ, ಲೆಕ್ಕ ಹಾಕಿ ನೋಡೋಣ. ಮುಂದಿನ ಪೋಸ್ಟ್ ಪೂರ್ತಿ ಲೆಕ್ಕವೇ. ಗಣಿತ ಆಗದವರು ಭಾಗ 4ಕ್ಕೆ ಹಾರಬಹುದು, ಬೇಜಾರಿಲ್ಲ.

ಭಾಗ 3

32 ಕೆಬಿ ಅಂದ್ರೆ 32,768 ಬೈಟು. ಡಿಸ್ಕ್ ಡ್ರೈವ್ ಹಾಕಿದ್ರೆ ಯಂತ್ರ ತನಗೇ ಅಂತ 6,400 ಬೈಟು ಇಟ್ಕೊಳ್ಳುತ್ತೆ. ಪರದೆಗೆ, ಅಂದ್ರೆ 320 ಅಡ್ಡ 256 ಉದ್ದದ ಎರಡೇ ಬಣ್ಣದ ಚಿತ್ರಕ್ಕೆ, 10,240. ಉಳಿಯೋದು 16,128 ಬೈಟು. ಆಟ ಪೂರ್ತಿ ಇದರೊಳಗೇ ಇರಬೇಕು.

ಇಂಗ್ಲಿಷ್ ಅಕ್ಷರಕ್ಕೆ 8 ಅಡ್ಡ 8 ಚುಕ್ಕೆ ಸಾಕು. ಒಂದಕ್ಷರಕ್ಕೆ 8 ಬೈಟು. ನಮ್ಮ ಸೊನ್ನೆಯೂ ಅಷ್ಟರಲ್ಲಿ ಬರುತ್ತೆ. ಪ್ರತಿ ಸಾಲಿನ ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಅಂತ ಬೆಲೆ ಕಟ್ಟಿ, ತುಂಬಿದ ಮನೆಗಳನ್ನ ಕೂಡಿದ್ರೆ ಆಯ್ತು. ಮೊದಲ ಫೋಟೋದ ಸೊನ್ನೆ ಹೀಗೆ: 60, 66, 129, 129, 129, 129, 66, 60. ಬಿಬಿಸಿ ಮೈಕ್ರೋದಲ್ಲಿ ವಿಡಿಯು 23 ಅನ್ನೋ ಆಜ್ಞೆ, 224 ಅನ್ನೋ ಸಂಖ್ಯೆ, ಅದರ ಹಿಂದೆ ಈ ಎಂಟು. ಅಷ್ಟು ಕೊಟ್ರೆ ಅನುಸ್ವಾರ ತಯಾರು. ಎಮ್ಯುಲೇಟರ್ ಇದ್ದವರು ಈಗಲೇ ನೋಡಬಹುದು.

ಆದ್ರೆ 'ಲಕ್ಷ್ಮಿ' ಬರೀರಿ ನೋಡೋಣ. ಕ, ಅದರ ಕೆಳಗೆ ಷ, ಅದಕ್ಕೆ ಮ, ಮೇಲೆ ಗುಡಿಸು. ಎಂಟು ಸಾಲಲ್ಲಿ ಅದು ಅಕ್ಷರ ಆಗಲ್ಲ, ಸತ್ತ ಜೇಡ ಆಗುತ್ತೆ. 16 ಅಡ್ಡ 16 ಬೇಕೇ ಬೇಕು. ಅಂದ್ರೆ ಒಂದಕ್ಷರಕ್ಕೆ 32 ಬೈಟು. 34 ವ್ಯಂಜನಕ್ಕೆ ಹದಿಮೂರು ಹದಿಮೂರು ಗುಣಿತಾಕ್ಷರ, ಒಟ್ಟು 442. ಬೈಟಿನ ಲೆಕ್ಕದಲ್ಲಿ 14,144. ಒತ್ತಕ್ಷರ ಇನ್ನೂ ಹಿಡಿದೇ ಇಲ್ಲ, 16,128ರಲ್ಲಿ ಉಳಿದಿದ್ದು ಎರಡು ಸಾವಿರಕ್ಕೂ ಕಡಿಮೆ. "ಹಿಡಿಸಲ್ಲ" ಅನ್ನೋರ ವಾದ ನಿಲ್ಲೋದು ಇಲ್ಲೇ.

ಆದ್ರೆ ಕನ್ನಡ ಟೈಪ್‌ರೈಟರ್ ಹೊಡೆದವರನ್ನ ಕೇಳಿ. ಆ ಯಂತ್ರದಲ್ಲಿ 442 ಕೀಲಿ ಇತ್ತಾ? ಅಕ್ಷರದ ದೇಹ ಒಂದು ಕೀಲಿ, ತಲಕಟ್ಟು ಒಂದು, ಕೊಂಬು ಒಂದು, ದೀರ್ಘದ ಕೊಂಡಿ ಒಂದು, ಒತ್ತು ಬೇರೆ. ತುಂಡು ತುಂಡು ಹೊಡೆದು ಕಾಗದದ ಮೇಲೆ ಜೋಡಿಸೋದು. ಮೇಲಿನ 11 ಸಾಲು ಅಕ್ಷರಕ್ಕೆ, ಕೆಳಗಿನ 5 ಸಾಲು ಒತ್ತಿಗೆ, ದೀರ್ಘಕ್ಕೆ ಪಕ್ಕದ ಮನೆ ಅಂತ ಮಾಡಿಕೊಂಡ್ರೆ, ಹಟಮಾರಿ ಮ, ಯ, ಝ ಎಲ್ಲಾ ಸೇರಿ ಸುಮಾರು 120 ತುಂಡು ಸಾಕು. 3,840 ಬೈಟು. ಹಿಡಿಸಿತು, ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಜಾಗವೂ ಉಳಿಯಿತು.

ಹಾಗಾಗಿ 1984ರಲ್ಲಿ ಅಡ್ಡ ಬಂದಿದ್ದು ಮೆಮೊರಿ ಅನ್ನೋದನ್ನ ನಾನು ಒಪ್ಪಲ್ಲ. ಟೈಪ್‌ರೈಟರ್ ಬಲ್ಲವರು ಕಂಪ್ಯೂಟರ್ ಇದ್ದ ಕೋಣೆಯಲ್ಲಿ ಇರಲಿಲ್ಲ, ಅಷ್ಟೇ. ಅಂಥ ಜ್ಞಾನ ನಮ್ಮಲ್ಲಿ ಇಲ್ಲದೆ ಏನಿರಲಿಲ್ಲ. ಮುದ್ರಣದ ಅಕ್ಷರ ಜೋಡಣೆಯಲ್ಲಿ ಪಳಗಿದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಉಚ್ಚಾರಣೆ ಆಧಾರದ ಕೀಲಿಮಣೆ ಮಾಡಿಕೊಟ್ರು. ಇವತ್ತು ನುಡಿಯಲ್ಲಿ ನೀವು ಕುಟ್ಟೋದು ಅದೇ ಜಾಡು. ಸರಕಾರದ ಕಡೆಯಿಂದ ಐಐಟಿ ಕಾನ್ಪುರ, ಆಮೇಲೆ ಸಿ-ಡ್ಯಾಕ್ ಭಾರತೀಯ ಲಿಪಿಗಳಿಗೆ 'ಜಿಸ್ಟ್' ಕಾರ್ಡ್ ತಂದವು. ಅದೆಲ್ಲಾ ಆಫೀಸಿನ ಪಿಸಿಗೆ, ಅರ್ಜಿ ಕಾಗದಕ್ಕೆ. ಮಕ್ಕಳ ಆಟದ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಭಾಗ 4

ಜಪಾನಿನವರು ನೋಡಿದ್ರು. 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಬಂತು. ನಿಂಟೆಂಡೊದ ಫ್ಯಾಮಿಕಾಮ್, ಅಂದ್ರೆ ಹೆಸರಲ್ಲೇ 'ಫ್ಯಾಮಿಲಿ ಕಂಪ್ಯೂಟರ್', ಅದಕ್ಕೆ ಯೂಜಿ ಹೋರಿಯಿ ಬರೆದ ಆಟ. ಇಡೀ ಆಟ 64 ಕೆಬಿ. ಜಪಾನಿಯಲ್ಲಿ ಕಟಕನ ಅನ್ನೋ ವರ್ಣಮಾಲೆಯಲ್ಲಿ ಮೂಲಾಕ್ಷರವೇ 46. ಅಷ್ಟಕ್ಕೂ ಜಾಗ ಇಲ್ಲ. ಅವರು 20 ಅಕ್ಷರ ಮಾತ್ರ ಆರಿಸಿಕೊಂಡ್ರು. ಆಮೇಲೆ ರಾಕ್ಷಸರ ಹೆಸರು, ಮಂತ್ರದ ಹೆಸರು, ಊರಿನ ಹೆಸರು ಎಲ್ಲಾ ಆ ಇಪ್ಪತ್ತರೊಳಗೇ ಕಟ್ಟಿದ್ರು. ಆ ಆಟ ಅಲ್ಲಿ ಮನೆಮಾತಾಯ್ತು. ಆಡಿದ ಮಕ್ಕಳಿಗೆ ಅಕ್ಷರ ಕಮ್ಮಿ ಇದೆ ಅಂತ ಗೊತ್ತೇ ಆಗಲಿಲ್ಲ.

ಆ ಉಪಾಯ ಇಲ್ಲಿಗೆ ತಂದು ನೋಡಿದೆ. ನಮ್ಮ ಜಿಲ್ಲೆಯ ನಕ್ಷೆ ತೆಗೀರಿ. ಕೋಲಾರ, ಮಾಲೂರು, ಮುಳಬಾಗಿಲು, ಬಂಗಾರಪೇಟೆ. ನಾಲ್ಕು ಊರಿಗೆ ಸೇರಿ ವ್ಯಂಜನ ಎಷ್ಟು? ಒಂಬತ್ತು. ಕ, ಲ, ರ, ಮ, ಳ, ಬ, ಗ, ಪ, ಟ. ಒಂದೂ ಒತ್ತಿಲ್ಲ, ಒಂದೂ ಮಹಾಪ್ರಾಣ ಇಲ್ಲ! ಆವನಿ, ಅಂತರಗಂಗೆ ಸೇರಿಸಿದ್ರೆ ಹನ್ನೆರಡು. ಶ್ರೀನಿವಾಸಪುರ, ಶಿವಾರಪಟ್ಟಣ ಹಾಕಿದ್ರೆ ಹದಿನೈದು, ಜೊತೆಗೆ ಎರಡೇ ಒತ್ತು.

ಮಹಾಪ್ರಾಣ ಹತ್ತನ್ನೂ ಬಿಟ್ಟುಬಿಡಿ ಅಂತ ಡಿ.ಎನ್. ಶಂಕರ ಬಟ್ ಅವರು ಕನ್ನಡ ಬರಹಕ್ಕೇ ಹೇಳಿದ್ರು. ಅದರ ಮೇಲೆ ನಡೆದ ಜಗಳ ಗೊತ್ತಿದ್ದವರಿಗೆ ಗೊತ್ತು, ಕಾಮೆಂಟಲ್ಲಿ ಮತ್ತೆ ಶುರು ಮಾಡಬೇಡಿ. ಆಟದ ಮಟ್ಟಿಗೆ ಮಾತ್ರ ಹೇಳ್ತೀನಿ: 'ಕಥೆ' 'ಕತೆ' ಆದ್ರೆ ಏನೂ ನಷ್ಟ ಇಲ್ಲ. ಅಂಗಡಿಯಲ್ಲಿ 'ಧನ' ಸಾಲದು ಅನ್ನೋ ಕಡೆ 'ದನ' ಸಾಲದು ಅಂತ ಬಂದ್ರೆ ಮಾತ್ರ ಆಟಗಾರ ಸಂತೆಗೆ ಹೋಗ್ತಾನೆ. 'ಹಣ' ಅಂತ ಬರೆದ್ರೆ ಅದೂ ಮುಗೀತು.

ಭಾಗ 5

"ಈಗ್ಯಾಕಪ್ಪಾ ಹಳೇ ಯಂತ್ರ? ಇದೇ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸ್ತಾವ್ರೆ" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆದ್ರೆ ಜಗತ್ತಲ್ಲಿ ಇದನ್ನ ಮಾಡೋರು ಬೇಕಾದಷ್ಟು ಜನ. 1977ರ ಆಪಲ್ ಟು ವಂಶದ ಯಂತ್ರಗಳಿಗೆ ಮಾರ್ಕ್ ಲೆಮ್ಮರ್ಟ್ ಅನ್ನೋರು ತಂಡ ಕಟ್ಟಿ 'ನಾಕ್ಸ್ ಆರ್ಕೈಸ್ಟ್' ಅನ್ನೋ ಹೊಸ ಆಟ ಬರೆದ್ರು. ಜನರಿಂದ ದುಡ್ಡು ಕೂಡಿಸೋ ಮೊದಲ ಪ್ರಯತ್ನ ಬಿದ್ದುಹೋಯ್ತು, ಎರಡನೇದರಲ್ಲಿ ಕೂಡಿತು. ಅಲ್ಟಿಮಾದ ಗ್ಯಾರಿಯಟ್ ತಮ್ಮ ಹಳೇ ರಾಜನ ಪಾತ್ರವನ್ನೂ ಅದಕ್ಕೆ ಕೊಟ್ರು. 2021ರಲ್ಲಿ ಸಾರಾ ಜೇನ್ ಏವರಿ ಅನ್ನೋರು ಕಮಡೋರ್ 64ಕ್ಕೆ 'ಬ್ರೈಲಿ ವಿಚ್ ಕ್ರಾನಿಕಲ್ಸ್' ತಂದ್ರು. ಮೊಬೈಲಿನ ಒಳಗೆ ಏನಾಗ್ತಿದೆ ಅಂತ ಪೂರ್ತಿ ಬಲ್ಲ ಒಬ್ಬನೇ ಮನುಷ್ಯ ಸಿಗೋದು ಕಷ್ಟ. ಈ ಹಳೇ ಯಂತ್ರಗಳನ್ನ ಒಬ್ಬರೇ ಕೂತು ಪೂರ್ತಿ ತಿಳ್ಕೋಬಹುದು. ನನಗೆ ಅಷ್ಟು ಕಾರಣ ಸಾಕು.

ಲೋಕ ಕಟ್ಟೋ ಕೆಲಸಕ್ಕೆ ಮಾಲೂರಿನವರಿಗೆ ಪಾಠ ಬೇಕಿಲ್ಲ, ಅದು ಹೆಂಚಿನ ಲೆಕ್ಕ. ಅಲ್ಟಿಮಾ ಕಾಲದಿಂದ ಬಂದ ಪದ್ಧತಿ ಇದು. ಮರ ಒಂದು ಹೆಂಚು, ಬಂಡೆ ಒಂದು, ಕೆರೆ ನೀರು ಒಂದು. ಇಡೀ ನಕ್ಷೆ ಚಿತ್ರವಾಗಿ ಇಟ್ರೆ, 64 ಅಡ್ಡ 64 ಮನೆಗೆ 1,31,072 ಬೈಟು. ಅದೇ ಯಾವ ಮನೆಗೆ ಯಾವ ಹೆಂಚು ಅಂತ ನಂಬರ್ ಮಾತ್ರ ಇಟ್ರೆ 4,096, ಜೊತೆಗೆ 64 ಬಗೆಯ ಹೆಂಚಿಗೆ 2,048. ಅಲ್ಲಿಗೆ ಮುಗೀತು.

ಈ ಹೆಂಚುಗಳನ್ನ ಗ್ರಾಫ್ ಪೇಪರಲ್ಲಿ ಬರೀತಿದ್ದಾಗ ನಮ್ಮ ಬೀದಿಯ ಹಿರಿಯ ಶಿಲ್ಪಿಯೊಬ್ಬರು ಬಂದು ನೋಡಿದ್ರು. ಅವರ ಕಸುಬಲ್ಲಿ ಕಲ್ಲಿನ ಮೇಲೆ ಮೊದಲು ಬೀಳೋದು ಬ್ರಹ್ಮಸೂತ್ರ, ನಟ್ಟನಡುವಿನ ನೇರ ಗೆರೆ. ಆಮೇಲೆ ತಾಳಮಾನ. ನವತಾಳ ಅಂದ್ರೆ ಒಂಬತ್ತು ತಾಳ, ತಾಳಕ್ಕೆ ಹನ್ನೆರಡು ಅಂಗುಲದಂತೆ 108 ಅಂಗುಲ. ಅವರು ಕೇಳಿದ್ದು ಒಂದೇ ಮಾತು.

"ಮನೆ ಎಷ್ಟಪ್ಪಾ ಅಡ್ಡಕ್ಕೆ?"

"ಹದಿನಾರು ಅಣ್ಣಾ."

"ಹಂಗಾದ್ರೆ ನಡು ಮನೆ ಎಲ್ಲೈತೆ? ಮೂಗು ಎಲ್ಲಿಡ್ತೀಯ?"

ಸರಿಸಂಖ್ಯೆಯ ಮನೆಯಲ್ಲಿ ನಡು ಇರಲ್ಲ. ಹದಿನಾರರಲ್ಲಿ ಮೂಗು ಒಂದೋ ಎರಡು ಚುಕ್ಕೆ ದಪ್ಪ ಆಗಬೇಕು, ಇಲ್ಲಾ ಒಂದು ಪಕ್ಕಕ್ಕೆ ಸರಿಯಬೇಕು. ಒಂದು ಕಂಬಸಾಲು ಖಾಲಿ ಬಿಟ್ಟು ಹದಿನೈದರಲ್ಲಿ ಬರೆದ್ರೆ ಎಂಟನೇದು ಬ್ರಹ್ಮಸೂತ್ರ. ಪಕ್ಕದ ಹೆಂಚಿಗೆ ಅಂಟಿಕೊಳ್ಳದೇ ಇರೋಕೂ ಆ ಖಾಲಿ ಸಾಲು ಬೇಕಾಗಿತ್ತು. ಮನುಷ್ಯರ ಹೆಂಚು ಎಲ್ಲಾ ಅಳಿಸಿ ಮತ್ತೆ ಬರೀತಿದ್ದೀನಿ. ಕೊನೇ ಸ್ಲೈಡಲ್ಲಿ ಹಳೇದು, ಹೊಸದು ಎರಡೂ ಹಾಕಿದ್ದೀನಿ, ನೋಡಿ ಹೇಳಿ.

ಭಾಗ 6

ಈಗ ಖಾತೆ ಹೀಗಿದೆ. 16,128ರಲ್ಲಿ ಅಕ್ಷರಕ್ಕೆ 3,840, ನಕ್ಷೆಗೆ 4,096, ಹೆಂಚಿಗೆ 2,048. ಉಳಿದಿದ್ದು 6,144 ಬೈಟು, ಸರಿಯಾಗಿ 6 ಕೆಬಿ. ಪ್ರೋಗ್ರಾಮ್ ಅದರಲ್ಲಿ ಕೂರಬೇಕು, ಅಸೆಂಬ್ಲಿ ಭಾಷೆಯಲ್ಲಿ ಬರೆಯದೆ ಗತಿಯಿಲ್ಲ. ಊರಿನವರ ಮಾತುಕತೆ ಎಲ್ಲಾ ಡಿಸ್ಕಿನಲ್ಲಿ ಇರುತ್ತೆ, ಯಾರ ಹತ್ರ ಹೋದ್ರೆ ಅವರ ಮಾತು ಮಾತ್ರ ಒಳಗೆ ಬರುತ್ತೆ. 40 ಟ್ರ್ಯಾಕಿನ ಡಿಸ್ಕಲ್ಲಿ ಒಂದು ಮಗ್ಗುಲಿಗೆ 100 ಕೆಬಿ.

ಗವಿ ಯಾವುದು ಅಂತ ಕೋಲಾರದವರು ಕೇಳಲೇಬಾರದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ನೂರಕ್ಕೂ ಹೆಚ್ಚು ವರ್ಷ ಜನ ಇಳಿದು ಹತ್ತಿದ ಗಣಿ, 2001ರಲ್ಲಿ ಮುಚ್ಚಿತು. ಆಟದಲ್ಲಿ ಅದಕ್ಕೆ 32 ಅಡ್ಡ 32ರ ಹತ್ತು ಅಂತಸ್ತು, ಒಂದಕ್ಕೆ 1 ಕೆಬಿ. ಗಣಿಗೆ ಇಳಿದಾಗ ಮೇಲಿನ ನಕ್ಷೆಯ ಜಾಗದಲ್ಲೇ ಆ ಅಂತಸ್ತು ಬಂದು ಕೂರುತ್ತೆ. ರಾಕ್ಷಸರನ್ನ ಹಾಕೋಕೆ ಮನಸ್ಸು ಬರಲಿಲ್ಲ. ಕೆಳಗೆ ಹೋದಷ್ಟೂ ಶಾಖ ಏರುತ್ತೆ, ಬಂಡೆ ಸಿಡಿಯುತ್ತೆ, ಅಲ್ಲಿ ದುಡಿದವರಿಗೆ ಎದುರಾಗಿದ್ದು ಅದೇ. ಆಟಗಾರನ ಬಲ ಕಮ್ಮಿ ಮಾಡೋಕೆ ಅದು ಸಾಕು.

ಒಂದು ಪದ ಮಾತ್ರ ಬದಲಾಯಿಸಿದೆ. ಕೆಳಗೆ ಸಿಗೋದನ್ನ 'ಚಿನ್ನ' ಅಂತ ಬರೆದಿದ್ದೆ. ಅದಕ್ಕೆ ಚ ಬೇಕು, ನ ಒತ್ತು ಬೇಕು, ಎರಡು ಹೊಸ ತುಂಡು, 64 ಬೈಟು. 'ಬಂಗಾರ' ಅಂದ್ರೆ ಒಂದೂ ಬೇಡ, ಬಂಗಾರಪೇಟೆಯಲ್ಲಿ ಎಲ್ಲಾ ಅಕ್ಷರ ಆಗಲೇ ಇದೆ. ಈಗ ನಮ್ಮ ಗಣಿಯಲ್ಲಿ ಸಿಗೋದು ಬಂಗಾರ.

#ಶಿವಾರಪಟ್ಟಣ #ಕೋಲಾರ #ಹಳೇಕಂಪ್ಯೂಟರ್ #ಕನ್ನಡಆಟ