ತುಮಕೂರಿನ ಕೆಮ್ಮು, ಜಿನೀವಾದ ಲೆಕ್ಕ

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಡೆಸಿದ ಮಾದರಿ ಸಮೀಕ್ಷೆಯು ಕ್ಷಯ ಪೇಟೆಯವರ ಕಾಯಿಲೆ ಎಂಬ ನಂಬಿಕೆಯನ್ನು ಕೆಡವಿತು. ಹಳ್ಳಿಗಳಲ್ಲೂ ಅದು ನಗರಗಳಷ್ಟೇ ಹರಡಿತ್ತು. ಲಕ್ಷಗಟ್ಟಲೆ ರೋಗಿಗಳಿಗೆ ಸ್ಯಾನಿಟೋರಿಯಂ ಹಾಸಿಗೆಗಳು ಸಾಲುವ ಮಾತೇ ಇರಲಿಲ್ಲ.

ದಾರಿ ಕಂಡದ್ದು ಮದ್ರಾಸಿನಲ್ಲಿ. 1956ರಲ್ಲಿ ಪರಿಷತ್ತು, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ತೆರೆದ ಕೇಂದ್ರವು ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಂಡವರೂ ಸ್ಯಾನಿಟೋರಿಯಂ ಸೇರಿದವರಿಗೆ ಸರಿಸಮವಾಗಿ ಗುಣವಾಗುತ್ತಾರೆಂದು 1959ರಲ್ಲಿ ತೋರಿಸಿಕೊಟ್ಟಿತು. ಆದರೆ ಆ ಮಾತ್ರೆಯನ್ನು ಹಳ್ಳಿಗೆ ಮುಟ್ಟಿಸುವವರು ಯಾರು?

ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಿದ್ದ ಪ್ರಶ್ನೆ ಇದೇ. ಸಂಸ್ಥೆ ಕೇಂದ್ರ ಸರ್ಕಾರದ್ದು. ತಜ್ಞರನ್ನು ಕೊಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ, ಉಪಕರಣಗಳನ್ನು ಕೊಟ್ಟದ್ದು ಯುನಿಸೆಫ್. ವೈದ್ಯರ ಸಮಕ್ಕೆ ಸಂಖ್ಯಾಶಾಸ್ತ್ರಜ್ಞರನ್ನೂ ಸಮಾಜವಿಜ್ಞಾನಿಗಳನ್ನೂ ಕೂರಿಸಿದ್ದು ಇಲ್ಲಿನ ಹೆಚ್ಚುಗಾರಿಕೆ. 1960–61ರಲ್ಲಿ ತುಮಕೂರು ಜಿಲ್ಲೆಯಲ್ಲಿ ರಾಜ್ ನಾರಾಯಣ್ ಮತ್ತು ಸಂಗಡಿಗರು ಕ್ಷಯದ ಹರಡುವಿಕೆಯನ್ನು ಅಳೆದರು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅದೇ ಸಮೀಕ್ಷೆಯಲ್ಲಿ ಪತ್ತೆಯಾದವರ ಮನೆಗಳಿಗೆ ಹೋಗಿ, ನಿಮಗೆ ಏನನ್ನಿಸುತ್ತಿತ್ತು, ಏನು ಮಾಡಿದಿರಿ ಎಂದು ವಿಚಾರಿಸಿದರು.

ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು ಎಂಬುದು ಆಗಿನ ತಜ್ಞರ ಸಾಮಾನ್ಯ ಗ್ರಹಿಕೆ. ಸಿಕ್ಕ ಉತ್ತರ ಅದಕ್ಕೆ ತದ್ವಿರುದ್ಧವಾಗಿತ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಹೆಚ್ಚಿನವರು ಚಿಂತೆಗೂ ಬಿದ್ದಿದ್ದರು. ಅರ್ಧಕ್ಕೂ ತುಸು ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋದವರು ಕಫ ಪರೀಕ್ಷೆಯಿಲ್ಲದೆ ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮನೆಗೆ ಮರಳಿದ್ದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾದ ಈ ಲೇಖನವನ್ನು ರೋಗಿಗಳ ಕುರಿತ ಅಧ್ಯಯನವೆಂದೇ ಓದುವುದು ವಾಡಿಕೆ. ಅದು ಅಳೆದದ್ದು ಆರೋಗ್ಯ ವ್ಯವಸ್ಥೆಯನ್ನು ಎಂಬುದು ನನ್ನ ವಾದ. ರೋಗಿ ತನ್ನ ಪಾಲಿನ ಕೆಲಸ ಮಾಡಿದ್ದ, ತಪ್ಪಿದ್ದು ಆಸ್ಪತ್ರೆ.

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಅಡಿಪಾಯವೇ ಈ ತಿಳಿವಳಿಕೆ. ಜಿಲ್ಲೆಯೇ ಘಟಕ, ಪ್ರತ್ಯೇಕ ಪಡೆ ಕಟ್ಟುವ ಬದಲು ಇರುವ ಆರೋಗ್ಯ ಕೇಂದ್ರಕ್ಕೇ ಸೂಕ್ಷ್ಮದರ್ಶಕ ಕೊಟ್ಟು, ಕೆಮ್ಮಿಕೊಂಡು ಬಂದವರ ಕಫ ನೋಡುವುದು. ಮೊದಲ ಪ್ರಯೋಗ ನಡೆದದ್ದು ನೆರೆಯ ಅನಂತಪುರ ಜಿಲ್ಲೆಯಲ್ಲಿ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಇದೇ ಮಾರ್ಗವನ್ನು ಇತರ ದೇಶಗಳ ಮುಂದಿಟ್ಟಿತು. ಈ ಕಾರ್ಯಕ್ರಮ ಚಿಗುರುವ ಹೊತ್ತಿನಲ್ಲಿ ಭಾರತದಲ್ಲಿ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡಾನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ-ಅಟಾ ಘೋಷಣೆ ಹೊರಬಿದ್ದದ್ದು ಅವರ ಕಾಲದಲ್ಲೇ. ಪ್ರಾಥಮಿಕ ಆರೋಗ್ಯದ ಆ ಚಿಂತನೆಯ ಒಂದು ಬೇರು ಇತ್ತಲೂ ಇದೆಯೆಂದು ನಾನು ಭಾವಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ನೆಲೆಯಾದ ಜಿನೀವಾದಿಂದ ಇಲ್ಲಿಗೆ ಬಂದದ್ದನ್ನು ಮಾತ್ರ ಬರೆಯುವ ಇತಿಹಾಸ ಈ ಬೇರನ್ನು ಕಾಣದು.

ಭಾರತದಲ್ಲಿ ಮಾತ್ರ ಈ ಕಾರ್ಯಕ್ರಮದ ಮೊದಲ ಮೂರು ದಶಕಗಳು ನೋವಿನವು. ಆರೋಗ್ಯ ಕೇಂದ್ರವನ್ನೇ ನೆಚ್ಚಿದ್ದ ಯೋಜನೆಗೆ ಆ ಕೇಂದ್ರದಲ್ಲೇ ಬಲವಿರಲಿಲ್ಲ. ಕುಟುಂಬ ಯೋಜನೆಯ ಗುರಿಗಳು ಸಿಬ್ಬಂದಿಯ ಹೊತ್ತನ್ನೆಲ್ಲ ನುಂಗಿದವು. 1992ರಲ್ಲಿ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ನೆರವು ಸಂಸ್ಥೆಯೊಡನೆ ನಡೆಸಿದ ಪರಿಶೀಲನೆಯಲ್ಲಿ ಹಣದ ಅಭಾವ, ಔಷಧಿಯ ಕೊರತೆ, ಕಫ ಪರೀಕ್ಷೆ ಬಿಟ್ಟು ಎಕ್ಸ್‌ರೇ ನೆಚ್ಚಿದ್ದು, ಅರ್ಧಕ್ಕೇ ನಿಂತ ಚಿಕಿತ್ಸೆ ಎಲ್ಲವೂ ಬಯಲಾದವು. 1997ರಲ್ಲಿ ವಿಶ್ವ ಬ್ಯಾಂಕಿನ ಸಾಲದೊಂದಿಗೆ ಪರಿಷ್ಕೃತ ಕಾರ್ಯಕ್ರಮ ವಿಸ್ತಾರಗೊಂಡಿತು. ಶೇ. 70 ಪತ್ತೆ, ಶೇ. 85 ಗುಣ ಎಂಬ ಜಾಗತಿಕ ಗುರಿಗಳೇ ಅದರ ಅಳತೆಗೋಲಾದವು. ಚಿಕಿತ್ಸೆ ಆರಂಭಿಸಿದ ಪ್ರತಿಯೊಬ್ಬರೂ ಕೊನೆಗೆ ಏನಾದರು ಎಂದು ದಾಖಲಿಸುವ ಶಿಸ್ತು ನೆಲೆಗೊಂಡದ್ದು ನಿಜವಾದ ಲಾಭ. ಬಾಗಿಲವರೆಗೆ ಬಂದು ಸೀಸೆ ಹಿಡಿದು ಮರಳುವವನಿಗೆ ಮಾತ್ರ ಆ ಗುರಿಗಳಲ್ಲಿ ಕಾಲಂ ಇರಲಿಲ್ಲ.

2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಲಕ್ಷಣವಿದ್ದವರ ಪೈಕಿ ಸುಮಾರು ಶೇ. 64 ಮಂದಿ ಚಿಕಿತ್ಸೆ ಕೇಳಿ ಹೋಗಿರಲಿಲ್ಲ. ಲಕ್ಷಣವನ್ನು ಕಡೆಗಣಿಸಿದ್ದೇ ಮುಖ್ಯ ಕಾರಣವೆಂದು ದಾಖಲಾಗಿದೆ. ತುಮಕೂರಿನ ಅಂಕಿಗಳೊಂದಿಗೆ ಇದನ್ನು ನೇರವಾಗಿ ಹೋಲಿಸುವಂತಿಲ್ಲ. ಅಲ್ಲಿ ಲೆಕ್ಕಕ್ಕೆ ಹಿಡಿದದ್ದು ರೋಗ ದೃಢಪಟ್ಟವರನ್ನು. ಆದರೂ ‘ಕಡೆಗಣಿಸಿದರು’ ಎಂಬಲ್ಲಿಗೆ ವಿಚಾರಣೆ ನಿಲ್ಲಬಾರದು. ಈ ಜನ ಹಿಂದೆ ಯಾವ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿ ಅವರ ಕಫ ಪರೀಕ್ಷೆ ಆಗಿತ್ತೇ ಎಂಬುದನ್ನೂ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರಂತೆ ಮನೆಗೇ ಹೋಗಿ ಕೇಳಬೇಕಾಗಿದೆ.