ಹೊರೆ, ಸಿಂಬೆ ಮತ್ತು ಸೊಂಟಪಟ್ಟಿ

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಾಲೆಯ ನೀರು ಹರಿದ ಮದ್ದೂರು, ಮಳವಳ್ಳಿ ಸೀಮೆಗಳಲ್ಲೂ ಕಬ್ಬು ಹಬ್ಬಿತು. ಗದ್ದೆಯಿಂದ ಗಾಡಿಯವರೆಗೆ ಕಬ್ಬು ಸಾಗಿದ್ದು ಆಳುಗಳ ತಲೆಹೊರೆಯಾಗಿ.

ತಲೆಯ ಮೇಲಿನ ಸಿಂಬೆಯನ್ನು ಗಮನಿಸಿದ್ದೀರಾ? ಬಟ್ಟೆ ಸುತ್ತಿ ಮಾಡಿದ ಈ ಬಳೆ ಹೊರೆಯ ತೂಕವನ್ನು ಕಡಿಮೆ ಮಾಡದು. ತೂಕ ಬೀಳುವ ಕ್ಷೇತ್ರವನ್ನು ಹಿಗ್ಗಿಸಿ ಒತ್ತಡವನ್ನಷ್ಟೇ ತಗ್ಗಿಸುತ್ತದೆ. ಪೂರ್ತಿ ಭಾರ ಕತ್ತಿನ ಮೂಳೆಗಳ ಮೇಲೆಯೇ ಉಳಿಯುತ್ತದೆ.

ಭಾರದ ದಾರಿಯನ್ನೇ ಬದಲಿಸಿದರೆ? ಅಮೆರಿಕದ ಡಿಕ್ ಕೆಲ್ಟಿ 1952ರಲ್ಲಿ ಆರಂಭಿಸಿದ ಉದ್ಯಮವು ಅಲ್ಯೂಮಿನಿಯಂ ಚೌಕಟ್ಟು, ಸೊಂಟಪಟ್ಟಿಗಳಿರುವ ಬೆನ್ನುಚೀಲವನ್ನು ಜನಪ್ರಿಯಗೊಳಿಸಿತು. ಭುಜದ ಹೊರೆಯ ಬಹುಪಾಲು ಗಟ್ಟಿಯಾದ ಸೊಂಟಕ್ಕೆ ಇಳಿಯಿತು.

ನಿಮ್ಮ ಶಾಲಾಚೀಲಕ್ಕೆ ಸೊಂಟಪಟ್ಟಿ ಇದೆಯೇ? 2020ರ ರಾಷ್ಟ್ರೀಯ ಶಾಲಾಚೀಲ ನೀತಿಯಂತೆ ಚೀಲದ ತೂಕ ದೇಹತೂಕದ ಶೇಕಡ 10ನ್ನು ಮೀರಬಾರದು. 30 ಕಿಲೋಗ್ರಾಂ ತೂಗುವ ಮಗುವಿಗೆ 3 ಕಿಲೋಗ್ರಾಂ. ನಿಮ್ಮದನ್ನು ಇಂದೇ ತೂಗಿ ನೋಡಿ.